ಮೇವಿನೊಡನೆ ಹೊಟ್ಟೆ ಸೇರುವ ಮೊಳೆ, ತಂತಿ

ನಿನ್ನೆಯವರೆಗೆ ಚೆನ್ನಾಗಿ ಮೇಯುತ್ತಿದ್ದ ಹಸು ಇದ್ದಕ್ಕಿದ್ದಂತೆ ಮೇವು ಬಿಟ್ಟು, ಹಾಲನ್ನೂ ಇಳಿಸಿದರೆ ಅಜೀರ್ಣವೆಂದು ಗೊಟ್ಟದಲ್ಲಿ ಔಷಧಿ ಕುಡಿಸುವುದು ವಾಡಿಕೆ. ಆದರೆ ಹೊಟ್ಟೆಯೊಳಗೆ ಮೊಳೆಯೋ ತಂತಿಯ ಚೂರೋ ಚುಚ್ಚಿದ್ದರೆ, ಹೀಗೆ ಕಳೆಯುವ ದಿನಗಳೇ ರಾಸಿನ ಪ್ರಾಣಕ್ಕೆ ಎರವಾಗುತ್ತವೆ.

ಒಳಗೆ ಆಗುವುದೇನು?

ದನ, ಎಮ್ಮೆಗಳು ಮೇವನ್ನು ನಾಲಿಗೆಯಿಂದ ಸೆಳೆದು, ಹೆಚ್ಚು ಅಗಿಯದೆ ನುಂಗಿ, ಅನಂತರ ಮೆಲುಕು ಹಾಕುತ್ತವೆ. ಆದ್ದರಿಂದ ಮೇವಿನಲ್ಲಿರುವ ಮೊಳೆ, ಸೂಜಿ, ತಂತಿಗಳನ್ನು ಬೇರ್ಪಡಿಸಲಾರವು. ಇವು ಹೊಟ್ಟೆಯ ನಾಲ್ಕು ಭಾಗಗಳಲ್ಲಿ ಜೇನುಗೂಡಿನಂತಿರುವ ಎರಡನೆಯ ಭಾಗದಲ್ಲಿ ತಂಗುತ್ತವೆ. ಅದರ ಮುಂದೆ ವಪೆ, ವಪೆಯಾಚೆ ಹೃದಯ. ಈ ಭಾಗ ಹಿಂಡಿಕೊಂಡಾಗ ಚೂಪಾದ ತುದಿ ಗೋಡೆಯನ್ನು ತೂರುತ್ತದೆ. ತುಂಬು ಗಬ್ಬದಲ್ಲಿ, ಕರು ಹಾಕಲು ತಿಣುಕುವಾಗ ಅಪಾಯ ಹೆಚ್ಚು. ಹೊಟ್ಟೆಯ ಪೊರೆಯಲ್ಲಿ ಉರಿಯೂತವಾಗಿ, ತಂತಿ ಮುಂದೆ ಸರಿದರೆ ಹೃದಯದ ಹೊರಪೊರೆಯಲ್ಲಿ ಕೀವು ತುಂಬುತ್ತದೆ.

ಲಕ್ಷಣಗಳು

ರಾಸು ಬೆನ್ನು ಬಾಗಿಸಿ, ಮುಂಗಾಲಿನ ಮೊಣಕೈಗಳನ್ನು ಹೊರಕ್ಕೆ ಚಾಚಿ ನಿಲ್ಲುತ್ತದೆ. ಇಳಿಜಾರಿನಲ್ಲಿ ನಡೆಯಲು ಹಿಂಜರಿಯುತ್ತದೆ. ಮಲಗುವಾಗ, ಸಗಣಿ ಹಾಕುವಾಗ ನರಳುತ್ತದೆ. ಮೆಲುಕು ನಿಲ್ಲುತ್ತದೆ, ಸಾಧಾರಣ ಜ್ವರವಿರಬಹುದು. ಗಂಗೆದೊಗಲಿನಲ್ಲಿ ನೀರು ತುಂಬಿ ಊದಿ, ಕತ್ತಿನ ರಕ್ತನಾಳ ಹಗ್ಗದಂತೆ ಉಬ್ಬಿದ್ದರೆ ಹೃದಯಕ್ಕೆ ಪೆಟ್ಟು ಬಿದ್ದಿದೆ ಎಂದರ್ಥ. ಈ ಹಂತದಲ್ಲಿ ರಾಸು ಉಳಿಯುವುದು ಅಪರೂಪ.

ಚಿಕಿತ್ಸೆ

ಮೊದಲ ಲಕ್ಷಣ ಕಂಡ ಕೂಡಲೇ ಪಶುವೈದ್ಯರನ್ನು ಕರೆಸಿರಿ. ಅವರು ಬರುವವರೆಗೆ ರಾಸನ್ನು ನಡೆಸಬಾರದು. ಮುಂಗಾಲುಗಳು ಎತ್ತರದಲ್ಲಿರುವಂತೆ ಕಟ್ಟಬೇಕು. ಬೇಗ ಗುರುತಿಸಿದಲ್ಲಿ ಅಯಸ್ಕಾಂತ ನುಂಗಿಸಿ, ಸೋಂಕುನಿವಾರಕ ಚುಚ್ಚುಮದ್ದು ಕೊಟ್ಟು ಗುಣಪಡಿಸಬಹುದು. ಗುಣ ಕಾಣದಿದ್ದರೆ ಹೊಟ್ಟೆಯನ್ನು ತೆರೆದು ಚೂರನ್ನು ತೆಗೆಯಬೇಕಾಗುತ್ತದೆ. ಅಯಸ್ಕಾಂತವು ಕಬ್ಬಿಣವನ್ನು ಹಿಡಿಯುತ್ತದೆಯೇ ಹೊರತು ತಾಮ್ರ, ಅಲ್ಯೂಮಿನಿಯಂ ತಂತಿಗಳನ್ನಲ್ಲ.

ಮುನ್ನೆಚ್ಚರಿಕೆ

1. ಬೇಲಿ, ಚಪ್ಪರ, ಮನೆ ಕಟ್ಟುವ ಕೆಲಸ ಮುಗಿದೊಡನೆ ಮೊಳೆ, ತಂತಿಯ ಚೂರುಗಳನ್ನು ಆರಿಸಿ ತೆಗೆಯಿರಿ.
2. ಹುಲ್ಲಿನ ಪಿಂಡಿಗೆ ತಂತಿ ಕಟ್ಟಬೇಡಿ. ಹಿಂಡಿಯ ಚೀಲ ಹೊಲಿದ ಸೂಜಿ, ದಬ್ಬಣಗಳನ್ನು ಎಣಿಸಿ ಎತ್ತಿಡಿ.
3. ಮೇವು ಕತ್ತರಿಸುವ ಯಂತ್ರಕ್ಕೆ ಹಾಕುವ ಮೊದಲು ಮೇವನ್ನು ಕೊಡವಿರಿ. ಯಂತ್ರದ ಬಾಯಿಗೆ ಅಯಸ್ಕಾಂತ ಜೋಡಿಸುವುದು ಉತ್ತಮ.
4. ಹಳೆಯ ಟೈರುಗಳನ್ನು ಸುಟ್ಟ ಜಾಗದಲ್ಲಿ, ಕಸದ ತಿಪ್ಪೆಯಲ್ಲಿ ದನ ಮೇಯಲು ಬಿಡಬೇಡಿ. ಸುಟ್ಟ ಟೈರಿನಿಂದ ಸಣ್ಣ ಉಕ್ಕಿನ ತಂತಿಗಳು ಉಳಿಯುತ್ತವೆ.

ಕೊಟ್ಟಿಗೆಯಲ್ಲಿ ಬಿದ್ದ ಒಂದು ಮೊಳೆಯನ್ನು ಬಗ್ಗಿ ಎತ್ತಲು ಖರ್ಚಿಲ್ಲ. ಅದನ್ನು ಹಸುವಿನ ಹೊಟ್ಟೆಯಿಂದ ತೆಗೆಯಲು ಶಸ್ತ್ರಚಿಕಿತ್ಸೆಯೇ ಬೇಕು.