ನೆಲ–ಜಲದ ಉದ್ಯೋಗ

ಹತ್ತನೆಯ ತರಗತಿ ಮುಗಿಯುತ್ತಿದ್ದಂತೆ ‘ಮುಂದೇನು?’ ಎಂಬ ಪ್ರಶ್ನೆ ಮನೆಮನೆಯಲ್ಲೂ ಏಳುತ್ತದೆ. ಊರು ಬಿಟ್ಟರೆ ಮಾತ್ರ ಉದ್ಯೋಗವೆಂದು ನಾವು ಬಹುಮಟ್ಟಿಗೆ ನಂಬಿಬಿಟ್ಟಿದ್ದೇವೆ. ನೆಲ–ಜಲಗಳನ್ನು ಮುಂದಿನವರಿಗೂ ಉಳಿಸುವುದು ಒಂದು ಉದ್ಯೋಗವೇ, ಅದಕ್ಕೂ ವಿದ್ಯೆ ಬೇಕು ಎಂಬುದನ್ನು ತಿಳಿಯಲು ದೂರ ಹೋಗಬೇಕಾಗಿಲ್ಲ.

ನಮ್ಮ ಕಾಸರಗೋಡಿನಲ್ಲಿ ವರ್ಷಕ್ಕೆ ಸುಮಾರು 3,500 ಮಿಲ್ಲಿಮೀಟರು ಮಳೆ ಸುರಿಯುತ್ತದೆ. ಆದರೂ ಬೇಸಗೆ ಬಂತೆಂದರೆ ಗುಡ್ಡದ ಮನೆಗಳಲ್ಲಿ ಕೊಡ ಹಿಡಿದು ಅಲೆಯುವುದು ತಪ್ಪದು. ಇದಕ್ಕೆ ಹಿರಿಯರು ಕಂಡುಕೊಂಡ ಉಪಾಯವೇ ಸುರಂಗ. ಮುರಕಲ್ಲಿನ ಗುಡ್ಡವನ್ನು ಒಬ್ಬ ಮನುಷ್ಯ ಹೊಗುವಷ್ಟು ಅಗಲಕ್ಕೆ ಅಡ್ಡಲಾಗಿ ಕೊರೆಯುತ್ತ ಹೋಗಿ, ಒಸರು ಸಿಕ್ಕಿದ ಮೇಲೆ ಆ ನೀರನ್ನು ಹೊರಗಿನ ಕೆರೆಗೆ ಬಿಡುತ್ತಾರೆ. ತಳ ಬಾಯಿಯ ಕಡೆಗೆ ತುಸು ಇಳಿಜಾರಾಗಿರುವುದರಿಂದ ನೀರು ತಾನಾಗಿ ಹರಿಯುತ್ತದೆ. ಪಂಪು ಬೇಡ, ಕರೆಂಟು ಬೇಡ. ಎಲ್ಲಿ ಕೊರೆಯಬೇಕೆಂಬುದನ್ನು ಗಿಡಮರಗಳ ಹಸುರನ್ನೂ ಮಣ್ಣಿನ ತೇವವನ್ನೂ ನೋಡಿ ನಿರ್ಧರಿಸುತ್ತಾರೆ. ಒಳಗೆ ಮೇಣದಬತ್ತಿಯ ಜ್ವಾಲೆ ಮಂಕಾದರೆ ಆಮ್ಲಜನಕ ಸಾಲದೆಂದು ತಿಳಿದು ಹೊರಗೆ ಬರಬೇಕು. ವಿಜ್ಞಾನದ ತರಗತಿಯಲ್ಲಿ ಮೇಣದಬತ್ತಿಯ ಮೇಲೆ ಗ್ಲಾಸು ಕವುಚಿ ನಾವು ಕಲಿತದ್ದೂ ಇದನ್ನೇ!

ಗಡಿಯಾಚೆಯ ಅಡ್ಯನಡ್ಕದ ಸಮೀಪದ ಅಮೈ ಮಹಾಲಿಂಗ ನಾಯ್ಕರು ಕೂಲಿ ಮಾಡಿ ಬದುಕಿದವರು. ಹಗಲಿನ ದುಡಿಮೆ ಮುಗಿಸಿ, ತಮಗೆ ದೊರೆತ ಬೋಳುಗುಡ್ಡದಲ್ಲಿ ಒಬ್ಬರೇ ಸುರಂಗ ಕೊರೆದರು. ಮೊದಮೊದಲು ಕೊರೆದವು ಒಣಗಿಯೇ ಇದ್ದವು. ನೋಡಿದವರು ಏನೆಂದುಕೊಂಡರೋ! ಅವರು ಬಿಡಲಿಲ್ಲ, ಕೊನೆಗೆ ನೀರು ಬಂತು, ಗುಡ್ಡ ಅಡಿಕೆ ತೋಟವಾಯಿತು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. 650ಕ್ಕೂ ಹೆಚ್ಚು ಭತ್ತದ ತಳಿಗಳನ್ನು ಉಳಿಸಿದ ನಮ್ಮ ಜಿಲ್ಲೆಯವರೇ ಆದ ಸತ್ಯನಾರಾಯಣ ಬೇಳೇರಿಯವರಿಗೆ 2024ರಲ್ಲಿ ಅದೇ ಗೌರವ ಸಂದಿತು.

‘ಪ್ರಶಸ್ತಿ ಸರಿ, ಹೊಟ್ಟೆಗೆ?’ ಎಂದು ಹೆತ್ತವರು ಕೇಳಿದರೆ ತಪ್ಪಲ್ಲ. ಸುರಂಗದ ಕೆಲಸದಲ್ಲಿ ಮಣ್ಣು ಕುಸಿಯುವ ಭಯವಿದೆ. ಮಗನನ್ನು ಪಿಕ್ಕಾಸು ಕೊಟ್ಟು ಒಳಗೆ ಕಳುಹಿಸಿರೆಂದು ನಾವು ಹೇಳುತ್ತಿಲ್ಲ. ಆದರೆ ಕೊಳವೆಬಾವಿಗಳು ಹೆಚ್ಚಿದಂತೆ ಅಂತರ್ಜಲ ಇಳಿಯುತ್ತದೆ, ಹಳೆಯ ಸುರಂಗಗಳು ಬತ್ತುತ್ತವೆ. ಎಲ್ಲಿ ಕೊರೆಯಬಾರದು, ಎಲ್ಲಿ ಮಳೆನೀರು ಇಂಗಿಸಬೇಕು ಎಂದು ಹೇಳಬಲ್ಲ ಭೂವಿಜ್ಞಾನಿ, ಕೃಷಿ ಅಧಿಕಾರಿ, ಎಂಜಿನಿಯರು ಬೇಕು. ಅವರು ಈ ಮಣ್ಣನ್ನು ಬಲ್ಲ ಮಕ್ಕಳೇ ಏಕಾಗಬಾರದು?

ಆರಂಭಕ್ಕೆ ಕಾಲೇಜು ಬೇಕಿಲ್ಲ. ಮನೆಯ ಸುರಂಗದ ನೀರಿಗೆ ಕೊಡ ಹಿಡಿದು, ಅದು ತುಂಬಲು ಎಷ್ಟು ನಿಮಿಷ ಬೇಕೆಂದು ಜನವರಿಯಿಂದ ಮೇ ತನಕ ಪ್ರತಿ ಭಾನುವಾರ ಬರೆದಿಡಿ. ಯಾವ ವರ್ಷ ಕೊರೆದದ್ದು, ಕೊರೆದವರು ಯಾರು ಎಂದು ಅಜ್ಜನಲ್ಲಿ ಕೇಳಿ ಅದನ್ನೂ ಸೇರಿಸಿ. ಮುಂದಿನ ಸಂಚಿಕೆಯಲ್ಲಿ ಆ ಲೆಕ್ಕಗಳಿಗೆ ಎರಡು ಪುಟ ಮೀಸಲಿಡುತ್ತೇವೆ.