ಉಗಿಬಂಡಿಯ ನೀರಿನ ತೊಟ್ಟಿ: ಮಾದರಿ ಮಾಡುವವರಿಗೆ ಒಂದು ಪಾಠ

ಕೊಲ್ಲಾಪುರ-ಮಿರಜ ರೈಲುಮಾರ್ಗವು 1891ರಲ್ಲಿ ಮೀಟರ್ ಗೇಜಿನದಾಗಿ ಆರಂಭವಾಯಿತು. ಮಾರ್ಗ ಕೊಲ್ಲಾಪುರ ಸಂಸ್ಥಾನದ್ದು. ಗಾಡಿ ನಡೆಸುತ್ತಿದ್ದುದು ಸದರ್ನ್ ಮರಾಠಾ ರೈಲ್ವೆ. ಇಂದು ಧಾರವಾಡದ ಕರ್ನಾಟಕ ಕಾಲೇಜು ನಡೆಯುತ್ತಿರುವ ಭವ್ಯ ಕಟ್ಟಡವೇ ಆ ಕಂಪನಿಯ ಕೇಂದ್ರ ಕಚೇರಿಯಾಗಿತ್ತೆಂಬುದು ಕನ್ನಡಿಗರಾದ ನಮಗೆ ಸ್ಮರಣೀಯ. 1970ರ ದಶಕದ ಆರಂಭದಲ್ಲಿ ಹಳಿ ಅಗಲವಾಯಿತು. 1995ರ ಡಿಸೆಂಬರಿನಲ್ಲಿ ದೇಶದ ಬ್ರಾಡ್ ಗೇಜಿನಿಂದ ಉಗಿ ಇಂಜಿನ್ನೇ ನಿವೃತ್ತವಾಯಿತು. ಇಂಜಿನ್ನುಗಳಿಗೆ ವಸ್ತುಸಂಗ್ರಹಾಲಯಗಳಲ್ಲಿ ಆಶ್ರಯ ದೊರೆಯಿತು. ಅವುಗಳ ದಾಹ ತಣಿಸಿದ ತೊಟ್ಟಿಗಳನ್ನು ಕೇಳುವವರಿಲ್ಲ. ಇಂದಿಗೂ ಹಳಿ ಕಾಣದ ಗಡಹಿಂಗ್ಲಜದ ಮಕ್ಕಳಿಗಂತೂ ಅವು ಮಾದರಿಯಲ್ಲಿಯೇ ಪರಿಚಯವಾಗಬೇಕು. ಆದುದರಿಂದ ಮಾದರಿ ಸುಳ್ಳು ಹೇಳಬಾರದು.

ಇಪ್ಪತ್ತನೆಯ ಶತಮಾನದಲ್ಲಿ ಪ್ರಚಾರಕ್ಕೆ ಬಂದ ಉಕ್ಕಿನ ತೊಟ್ಟಿಯನ್ನು ನಾಲ್ಕಡಿ ಚೌಕದ ಹಲಗೆಗಳನ್ನು ಬೋಲ್ಟಿನಿಂದ ಜೋಡಿಸಿ ಕಟ್ಟುತ್ತಿದ್ದರು. ಉದ್ದಗಲಕ್ಕೆ ನಾಲ್ಕು ನಾಲ್ಕು, ಎತ್ತರಕ್ಕೆ ಎರಡು ಹಲಗೆಗಳಿದ್ದರೆ ಸುಮಾರು 58,000 ಲೀಟರ್ ಹಿಡಿಯುತ್ತದೆ. ಮೀಟರ್ ಗೇಜಿನ ವೈ.ಪಿ. ಇಂಜಿನ್ನಿನ ಟೆಂಡರಿಗೆ ಸುಮಾರು 13,600 ಲೀಟರ್ ಬೇಕು. ಅಂದರೆ ನಾಲ್ಕು ಇಂಜಿನ್ನು ಕುಡಿದರೆ ತೊಟ್ಟಿ ಬಹುತೇಕ ಬರಿದು!

87ರಲ್ಲಿ ಒಂದು ಪಾಲಿನ ಅಳತೆಯಲ್ಲಿ ಮಾಡಿದರೆ ಹಲಗೆಯೊಂದು 14 ಮಿ.ಮೀ., ತೊಟ್ಟಿ 56 ಮಿ.ಮೀ. ಚೌಕ, 28 ಮಿ.ಮೀ. ಎತ್ತರ. ಅದರಲ್ಲಿ ಹಿಡಿಯುವ ನೀರು ಕೇವಲ 88 ಮಿಲಿಲೀಟರ್. ಉದ್ದ 87 ಪಟ್ಟು ಕುಗ್ಗಿದಾಗ ಘನಗಾತ್ರವು ಆರೂವರೆ ಲಕ್ಷ ಪಟ್ಟಿಗೂ ಮಿಕ್ಕಿ ಕುಗ್ಗುತ್ತದೆ. ಗಣಿತದ ತರಗತಿಯಲ್ಲಿ ಕೈಗೆ ಎಟುಕದ ಈ ಮಾತು ಒಂದು ಲೋಟ ನೀರಿನಿಂದ ತಿಳಿದುಬಿಡುತ್ತದೆ.

ಮಾದರಿಗೆ ರಟ್ಟು ಸಾಕು. ಹಲಗೆಯ ಮೇಲಿನ ಅಡ್ಡಗೀರುಗಳನ್ನು ಶಾಯಿ ಮುಗಿದ ಬಾಲ್ ಪೆನ್ನಿನಿಂದ ಹಿಂಬದಿಯಲ್ಲಿ ಒತ್ತಿ ಮೂಡಿಸಬಹುದು. ದುಂಡು ತೊಟ್ಟಿ ಬೇಕಾದರೆ ಇಚಲಕರಂಜಿಯ ಮಗ್ಗದ ಮನೆಗಳಲ್ಲಿ ನೂಲು ಮುಗಿದ ಕಾಗದದ ಕೊಳವೆಗಳಿಗೆ ಬರವಿಲ್ಲ. ಆದರೆ ಕೋನ್ ಬೇಡ. 

ಕಾಲುಗಳ ವಿಷಯದಲ್ಲಿಯೇ ಹೆಚ್ಚಿನವರು ಎಡವುತ್ತಾರೆ. ತುಂಬಿದ ತೊಟ್ಟಿಯ ನೀರೇ 58 ಟನ್ನು. ಅದನ್ನು ಊದುಬತ್ತಿಯ ಕಡ್ಡಿಯಂಥ ಕಾಲು ಹೊರಲಾರದು. ಎರಡು ಮಿ.ಮೀ. ದಪ್ಪದ ಬೆಂಕಿಕಡ್ಡಿಯಾದರೆ ನಿಜದಲ್ಲಿ ಹದಿನೇಳು ಸೆಂಟಿಮೀಟರಿನ ಕಂಬವಾಗುತ್ತದೆ, ಅದು ಸರಿಯಾದ ಗಾತ್ರ. ಎರಡು ಕಡ್ಡಿಗಳನ್ನು ಒಂದರ ಮೇಲೊಂದು ನಿಲ್ಲಿಸಿದರೆ ಸುಮಾರು ಎಂಟು ಮೀಟರ್ ಎತ್ತರ. ಬೆಸುಗೆಯನ್ನು ಅಡ್ಡಪಟ್ಟಿ ಮುಚ್ಚುತ್ತದೆ. ತೊಟ್ಟಿಯ ತಳ ಹಳಿಯ ಪಕ್ಕದ ನೀರುಗಂಬದ ತೋಳಿಗಿಂತ ಸಾಕಷ್ಟು ಮೇಲಿರಲೇಬೇಕು; ನೀರು ತನ್ನ ಭಾರದಿಂದಲೇ ಹರಿದು ಟೆಂಡರಿಗೆ ಬೀಳಬೇಕಲ್ಲವೇ? ತೊಟ್ಟಿ ಹಳಿಗೆ ಅಂಟಿಕೊಂಡೇ ಇರಬೇಕೆಂದಿಲ್ಲ, ಹತ್ತಿರದ ದಿಬ್ಬದ ಮೇಲಿದ್ದರೂ ಆದೀತು.

ಕೊನೆಗೆ ತೊಟ್ಟಿಯ ಹೊರಮೈಗೆ ಮಟ್ಟಸೂಚಿ ಅಂಟಿಸುವಾಗ ಎಚ್ಚರವಿರಲಿ. ಒಳಗಿನ ತೇಲುಬುರುಡೆಗೆ ಹಗ್ಗ ಕಟ್ಟಿ, ಗಾಲಿಯ ಮೇಲಿಂದ ಹೊರಗೆ ಇಳಿಬಿಟ್ಟ ಮುಳ್ಳು ಅದು. ನೀರು ಏರಿದಂತೆ ಮುಳ್ಳು ಇಳಿಯುತ್ತದೆ. ತುಂಬಿದ ತೊಟ್ಟಿಯ ಮುಳ್ಳು ಕೆಳಗೇ ಇರಬೇಕು.