ಡ್ರಮ್ ಇಲ್ಲದ ಬ್ಯಾಂಡ್‌ನಲ್ಲಿ ತಾಳ ಹಾಕೋರು ಯಾರು?

ಈ ಸಲದ ರಾಜ್ಯೋತ್ಸವಕ್ಕೆ ನಮ್ಮ ಹಾಡಿನ ತಂಡದಲ್ಲಿ ತಬಲ ಇರಲಿಲ್ಲ. ನುಡಿಸುತ್ತಿದ್ದ ಗೆಳೆಯ ಓದು ಮುಗಿಸಿ ಕೆಲಸ ಸಿಕ್ಕಿ ಟೆಕ್ಸಾಸ್‌ಗೆ ಹೋಗಿಬಿಟ್ಟ. ಉಳಿದದ್ದು ಎರಡು ಗಿಟಾರ್, ಒಂದು ಪಿಟೀಲು, ಆರು ಜನ ಹಾಡುವವರು. ಎರಡನೇ ಚರಣಕ್ಕೆ ಬರುವಷ್ಟರಲ್ಲಿ ಲಯ ಓಡಿಹೋಗುತ್ತಿತ್ತು. "ಕರೋಕೆ ಟ್ರ್ಯಾಕ್ ಹಾಕಿಬಿಡೋಣ" ಅನ್ನೋ ಮಾತೂ ಬಂತು. ನಮಗ್ಯಾರಿಗೂ ಅದು ಇಷ್ಟವಿರಲಿಲ್ಲ.

ನಾವಿರುವುದು ನಾರ್ತ್ ಕ್ಯಾರೊಲೈನಾದಲ್ಲಿ. ಆ ಶನಿವಾರ ಊರಿನ ವಾದ್ಯದ ಅಂಗಡಿಯೊಂದರಲ್ಲಿ ಬ್ಲೂಗ್ರಾಸ್ ಕೇಳೋಕೆ ಹೋದ್ವಿ. ಐದು ಜನ, ಐದೂ ತಂತಿವಾದ್ಯ: ಮ್ಯಾಂಡೊಲಿನ್, ಬ್ಯಾಂಜೊ, ಗಿಟಾರ್, ಪಿಟೀಲು, ಆಳೆತ್ತರದ ಬೇಸ್. ಡ್ರಮ್ ಇಲ್ಲವೇ ಇಲ್ಲ. ಆದರೂ ಕೂತಿದ್ದವರ ಕಾಲು ಸುಮ್ಮನಿರಲಿಲ್ಲ. ಹಾಗಾದರೆ ತಾಳ ಎಲ್ಲಿಂದ ಬರುತ್ತಿದೆ?

ಸ್ವಲ್ಪ ಹಿನ್ನೆಲೆ. ಕೆಂಟಕಿಯ ಬಿಲ್ ಮನ್ರೋ 1939ರಲ್ಲಿ 'ಬ್ಲೂ ಗ್ರಾಸ್ ಬಾಯ್ಸ್' ತಂಡ ಕಟ್ಟಿಕೊಂಡು ನ್ಯಾಶ್‌ವಿಲ್‌ನ ಗ್ರ್ಯಾಂಡ್ ಓಲ್ ಓಪ್ರಿ ರೇಡಿಯೊ ಕಾರ್ಯಕ್ರಮಕ್ಕೆ ಸೇರಿದರು. ತಂಡದ ಹೆಸರೇ ಮುಂದೆ ಸಂಗೀತದ ಹೆಸರಾಯಿತು. 1945ರ ಕೊನೆಗೆ ಇದೇ ನಾರ್ತ್ ಕ್ಯಾರೊಲೈನಾದ ಅರ್ಲ್ ಸ್ಕ್ರಗ್ಸ್ ಬ್ಯಾಂಜೊ ಹಿಡಿದು ಬಂದರು. ಆಗ ಅವರಿಗೆ 21 ವರ್ಷ, ನಮಗಿಂತ ಚಿಕ್ಕವರು! ಹೆಬ್ಬೆರಳು, ತೋರುಬೆರಳು, ನಡುಬೆರಳು, ಈ ಮೂರರಲ್ಲೇ ಅವರು ಸ್ವರಗಳ ಮಳೆ ಸುರಿಸುತ್ತಿದ್ದರು.

ಇಲ್ಲಿ ನಮ್ಮ ಎಂಜಿನಿಯರಿಂಗ್ ಬುದ್ಧಿ ಸ್ವಲ್ಪ ಕೆಲಸಕ್ಕೆ ಬಂತು. ಆಫ್ರಿಕಾದಿಂದ ಗುಲಾಮರಾಗಿ ತರಲ್ಪಟ್ಟವರ ಕೈಯಲ್ಲಿ ಅಮೆರಿಕದಲ್ಲಿ ಬೆಳೆದ ವಾದ್ಯ ಬ್ಯಾಂಜೊ. ಅದರ ಮುಖ ಮರದ ಹಲಗೆಯಲ್ಲ, ಖಂಜಿರದ ಹಾಗೆ ಬಿಗಿದ ಪೊರೆ. ತಂತಿಯ ಶಕ್ತಿಯನ್ನು ಪೊರೆ ಬೇಗ ಎಳೆದುಕೊಂಡು ಶಬ್ದವಾಗಿ ಹೊರಹಾಕುತ್ತದೆ. ಆದ್ದರಿಂದ ಸದ್ದು ಜೋರು, ಆಯಸ್ಸು ಕಮ್ಮಿ. ಒಂದು ಸ್ವರ ಸಾಯುವ ಮೊದಲೇ ಇನ್ನೊಂದು ಬರಬೇಕು. ವೇಗದ ಹಾಡಿನಲ್ಲಿ ಸೆಕೆಂಡಿಗೆ ಹತ್ತರ ಆಸುಪಾಸು!

ಮ್ಯಾಂಡೊಲಿನ್ ಇದಕ್ಕೆ ತದ್ವಿರುದ್ಧ. ತಂತಿಗಳನ್ನೆಲ್ಲ ಒಮ್ಮೆಗೇ ಬಾರಿಸಿ, ತಕ್ಷಣ ಎಡಗೈ ಬೆರಳು ಸಡಿಲಿಸಿ ಸದ್ದು ಕೊಲ್ಲುತ್ತಾರೆ. 'ಚಕ್' ಅಂತ ಕೇಳುತ್ತದೆ, ಅಷ್ಟೇ. ಇದಕ್ಕೆ ಚಾಪ್ ಅಂತ ಹೆಸರು. ನಾವು ಹುಡುಕುತ್ತಿದ್ದ ಡ್ರಮ್ ಇದೇ.

ಈಗ ನೀವೇ ಮಾಡಿ ನೋಡಿ. 1ರಿಂದ 8ರವರೆಗೆ ಸಮವಾಗಿ ಎಣಿಸುತ್ತಾ ಹೋಗಿ. 1 ಮತ್ತು 5ಕ್ಕೆ ಕಾಲು ಕುಟ್ಟಿ, ಅದು ಬೇಸ್. 3 ಮತ್ತು 7ಕ್ಕೆ ಚಪ್ಪಾಳೆ, ಅದು ಮ್ಯಾಂಡೊಲಿನ್. ಗಿಟಾರ್ ಈ ಎರಡನ್ನೂ ಹೊಲಿಯುತ್ತದೆ. ಕೈಕಾಲು ನಿಲ್ಲಿಸದೆ, ಎಣಿಕೆಯ ಜಾಗದಲ್ಲಿ ಮೃದಂಗದ ಪಾಠದ ಮಾತು ಹಾಕಿ: ತಕಿಟ ತಕಿಟ ತಕ. 3+3+2, ಒಟ್ಟು 8. ಪ್ರತಿ ಗುಂಪಿನ ಮೊದಲ 'ತ'ವನ್ನು ಒತ್ತಿ ಹೇಳಿ. ಬ್ಯಾಂಜೊದ ಹೆಬ್ಬೆರಳು ಒಂದು ಸಾಮಾನ್ಯ ವರಸೆಯಲ್ಲಿ ಬೀಳುವುದು ಈ ಮೂರು ಜಾಗದಲ್ಲೇ. ಮೊದಲನೆಯದು ಕಾಲಿನ ಜೊತೆ, ಮೂರನೆಯದು ಚಪ್ಪಾಳೆಯ ಜೊತೆ. ನಡುವಿನದು ಮಾತ್ರ 4ರ ಮೇಲೆ, ಯಾರಿಗೂ ಸಿಗದೆ ಒಂಟಿಯಾಗಿ ಬೀಳುತ್ತದೆ. ಹಾಡು ಮುಂದಕ್ಕೆ ತಳ್ಳಿದಂತೆ ಅನ್ನಿಸುವುದು ಅದರಿಂದಲೇ. ನಮಗಿದು ಕೂಡಿಬರೋಕೆ ಎರಡು ದಿನ ಹಿಡಿಯಿತು. ಕೆಳಗಿನ ಮನೆಯವರು ಬಂದು ಬಾಗಿಲು ತಟ್ಟಿದರೆ ನಾವು ಜವಾಬ್ದಾರರಲ್ಲ.

ಇನ್ನೊಂದು ಗಮನಿಸಿದ್ವಿ. ಒಬ್ಬರು ಸೋಲೊ ಹಿಡಿದ ಕೂಡಲೇ ಉಳಿದ ನಾಲ್ವರು ತಗ್ಗುತ್ತಾರೆ. ಹಿಂದೆ ಇಂಥ ತಂಡಗಳು ಒಂದೇ ಮೈಕ್ ಸುತ್ತ ನಿಂತು, ಸರದಿ ಬಂದವರು ಮುಂದೆ ಬಂದು, ಮುಗಿದ ಮೇಲೆ ಹಿಂದೆ ಸರಿಯುತ್ತಿದ್ದರು. ನಮ್ಮ ಪಿಟೀಲು ಚೌಡಯ್ಯನವರು ಹಿಂದಿನ ಸಾಲಿಗೂ ಕೇಳಲಿ ಅಂತ ನಾಲ್ಕು ತಂತಿಗೆ ಇನ್ನೂ ಮೂರು ಸೇರಿಸಿದ್ದು ಆಗ ನೆನಪಾಯಿತು. ಅವರು ವಾದ್ಯವನ್ನೇ ಬದಲಿಸಿದರು, ಇವರು ನಿಲ್ಲುವ ಜಾಗ ಬದಲಿಸಿದರು.

ವಾಪಸ್ ಬಂದು ಕೆಲಸ ಹಂಚಿಕೊಂಡ್ವಿ. ಒಂದು ಗಿಟಾರ್ ಬರೀ ಕೆಳಗಿನ ಸ್ವರ, ಇನ್ನೊಂದು ಬರೀ 'ಚಕ್'. 'ಚಕ್' ಸಿಕ್ಕ ಹುಡುಗನಿಗೆ ಮೊದಲು ಬೇಜಾರು. ನಾಲ್ಕು ವರ್ಷ ಗಿಟಾರ್ ಕಲಿತದ್ದು ಇದಕ್ಕಾ ಅಂದ. ಅವನು ಒಂದು ಸಾಲು ತಪ್ಪಿಸಿದಾಗ ಇಡೀ ಹಾಡು ಕುಸಿಯಿತು. ಆಮೇಲೆ ಅವನೇ ಮಾತಾಡಲಿಲ್ಲ.

ನವೆಂಬರ್‌ನಲ್ಲಿ ಟ್ರ್ಯಾಕ್ ಇಲ್ಲದೆಯೇ ಹಾಡಿದೆವು. ಎರಡನೇ ಚರಣದಲ್ಲಿ ಮತ್ತೆ ಓಡಲು ಶುರುಮಾಡಿದ್ವಿ. 'ಚಕ್' ಹುಡುಗ ಕಣ್ಣು ಕೆಂಪು ಮಾಡಿ ಎಲ್ಲರನ್ನೂ ಹಿಂದಕ್ಕೆಳೆದ.